ಡೈವಿಂಗ್ ಆದ ಮೇಲೆ ಕಣ್ಣುರಿ: ಕಾರಣ ಹುಡುಕುವುದು ಹೇಗೆ?

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡಿ ವಾಪಸ್ ಬಂದ ದಿನ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಎರಡೂ ಕಣ್ಣಿಗೆ ಯಾರೋ ಮರಳು ಹಾಕಿ ಉಜ್ಜಿದ ಹಾಗಿತ್ತು. ಬಿಟ್ಟರೂ ಉರಿ, ಮುಚ್ಚಿದರೂ ಉರಿ. ಫೋನ್ ಹಚ್ಚಿ ಟೈಮ್ ನೋಡೋಣ ಅಂದರೆ ಆ ಬೆಳಕೇ ಸೂಜಿ ಚುಚ್ಚಿದ ಹಾಗೆ ಚುಚ್ಚಿತು. ಹೊನ್ನಾವರದ ಚಿಕ್ಕಪ್ಪನ ಮನೆಯಲ್ಲಿ ಉಳಿದುಕೊಂಡಿದ್ದೆ. ಒದ್ದೆ ಬಟ್ಟೆ ಕಣ್ಣ ಮೇಲೆ ಹಾಕಿಕೊಂಡು ಬೆಳಗಾಗುವವರೆಗೆ ಕೂತೇ ಇದ್ದೆ.

ಆಗ ನನ್ನ ತಲೆಯಲ್ಲಿ ಇದ್ದದ್ದು ಎರಡೇ ಕಾರಣ. ಒಂದು ಉಪ್ಪುನೀರು. ಇನ್ನೊಂದು, ಮಂಜು ಹಿಡಿಯದಿರಲಿ ಅಂತ ಮಾಸ್ಕಿನ (ಕಣ್ಣು, ಮೂಗು ಎರಡನ್ನೂ ಮುಚ್ಚುವ ಡೈವಿಂಗ್ ಕನ್ನಡಕದ) ಗಾಜಿಗೆ ಹಚ್ಚಿದ್ದ ಶಾಂಪೂ. ಎರಡೂ ಅಲ್ಲ ಅಂತ ಗೊತ್ತಾಗಿದ್ದು ಮರುದಿನ.

ಕಣ್ಣಿನ ಡಾಕ್ಟರ್ ಕಿತ್ತಳೆ ಬಣ್ಣದ ಸಣ್ಣ ಕಾಗದದ ಪಟ್ಟಿಯೊಂದನ್ನು ಕೆಳರೆಪ್ಪೆಯ ಒಳಗೆ ಮೆಲ್ಲಗೆ ಮುಟ್ಟಿಸಿದರು. ಗಲ್ಲ ಇಟ್ಟು ಕೂರುವ ಯಂತ್ರದಲ್ಲಿ ನೀಲಿ ಬೆಳಕು ಬಿಟ್ಟರು. ಜೊತೆಗೆ ಬಂದಿದ್ದ ಚಿಕ್ಕಪ್ಪನ ಮಗನನ್ನೂ ಕರೆದು ತೋರಿಸಿದರು. ಅವನು ಬಗ್ಗಿ ನೋಡಿ, ‘ಅಣ್ಣಾ, ಹಸಿರು ಚುಕ್ಕೆ ರಾಶಿ ಉಂಟು. ಆದರೆ ನಡುವೆ ಮಾತ್ರ, ಬೆಲ್ಟ್ ಕಟ್ಟಿದ ಹಾಗೆ’ ಅಂದ.

ಆ ‘ನಡುವೆ ಮಾತ್ರ’ ಅನ್ನುವುದರಲ್ಲೇ ಉತ್ತರ ಇತ್ತು. ಬಣ್ಣ ಹಿಡಿದು ಹೊಳೆಯುವುದು ಕಾರ್ನಿಯಾದ ಮೇಲ್ಪದರಕ್ಕೆ ಪೆಟ್ಟಾದ ಜಾಗ. ಕಾರ್ನಿಯಾ ಅಂದರೆ ಕರಿಗುಡ್ಡೆಯ ಮೇಲಿರುವ ಗಾಜಿನಂಥ ಪರೆ. ನನ್ನ ಕಣ್ಣಿನಲ್ಲಿ ರೆಪ್ಪೆ ಮುಚ್ಚಿಕೊಂಡಿರುವ ಮೇಲಿನ ಭಾಗಕ್ಕೆ ಏನೂ ಆಗಿರಲಿಲ್ಲ. ರೆಪ್ಪೆ ತೆರೆದಾಗ ಹೊರಗೆ ಕಾಣುವ ಪಟ್ಟಿಗೆ ಮಾತ್ರ ಪೆಟ್ಟಾಗಿತ್ತು. ಶಾಂಪೂ ಹೋಗಿದ್ದರೆ ಅದು ನೀರಿನ ಜೊತೆ ಹರಡುತ್ತದೆ, ಹೆಚ್ಚಾಗಿ ಕೆಳಗೆ ನಿಲ್ಲುತ್ತದೆ. ಹೀಗೆ ಅಚ್ಚುಕಟ್ಟಾಗಿ ನಡುವೆ ಪಟ್ಟಿ ಎಳೆಯುವುದು ಬಿಸಿಲು. ಡಾಕ್ಟರ್ ಕೇಳಿದ್ದು ಎರಡೇ ಪ್ರಶ್ನೆ: ‘ಬೋಟಿನಲ್ಲಿ ಎಷ್ಟು ಹೊತ್ತು ಇದ್ದಿರಿ? ಕೂಲಿಂಗ್ ಗ್ಲಾಸ್ ಹಾಕಿದ್ದಿರಾ?’ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೋಟಿನಲ್ಲೇ ಇದ್ದೆ. ನೀರೊಳಗೆ ಇದ್ದದ್ದು ಎರಡು ಡೈವ್ ಸೇರಿಸಿದರೂ ಒಂದೂವರೆ ಗಂಟೆ. ಕನ್ನಡಕ ಬ್ಯಾಗಿನಲ್ಲೇ ಇತ್ತು.

ಆವತ್ತಿನಿಂದ ಯಾರಾದರೂ ‘ಡೈವ್ ಮಾಡಿದ ಮೇಲೆ ಕಣ್ಣು ಉರೀತಿದೆ, ಯಾವ ಡ್ರಾಪ್ಸ್ ಹಾಕಲಿ?’ ಅಂತ ಕೇಳಿದರೆ ನಾನು ಡ್ರಾಪ್ಸ್ ಹೆಸರು ಹೇಳುವುದಿಲ್ಲ. ಉರಿ ಯಾವಾಗ ಶುರುವಾಯಿತು ಅಂತ ಕೇಳುತ್ತೇನೆ. ಮಾಸ್ಕ್ ಹಾಕಿದ ಕೂಡಲೇನಾ? ನೀರಿಂದ ಮೇಲೆ ಬಂದಾಗಲಾ? ರಾತ್ರಿಯಾ? ಎರಡು ಮೂರು ದಿನ ಬಿಟ್ಟಾ? ಹೆಚ್ಚಿನ ಸಲ ಈ ಒಂದು ಉತ್ತರವೇ ಅರ್ಧ ದಾರಿ ಮುಟ್ಟಿಸುತ್ತದೆ. ಆಮೇಲೆ ಒಂದೇ ಕಣ್ಣಾ ಎರಡೂನಾ, ನೋವಾ ತುರಿಕೆನಾ, ಗೀಜು ಬರ್ತಿದೆಯಾ, ದೃಷ್ಟಿ ಸರಿ ಇದೆಯಾ ಅಂತ ಕೇಳಬೇಕು.

ಅದಕ್ಕೂ ಮೊದಲು ಒಂದು ಮಾತು.

ಇವು ಇದ್ದರೆ ಕಾರಣ ಹುಡುಕುತ್ತಾ ಕೂರಬೇಡಿ

ಕಣ್ಣು ಮಿಟುಕಿಸಿದರೂ ಹೋಗದ ಮಂಜು, ಒಂದು ವಸ್ತು ಎರಡಾಗಿ ಕಾಣುವುದು, ಗುಡ್ಡೆ ಮುಂದಕ್ಕೆ ಉಬ್ಬಿದ ಹಾಗೆ ಕಾಣುವುದು, ತಡೆಯಲಾಗದ ನೋವು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಕಣ್ಣ ಮುಂದೆ ಮಿಂಚು ಹೊಡೆದ ಹಾಗೆ ಅಥವಾ ಪರದೆ ಇಳಿದ ಹಾಗೆ ಆಗುವುದು. ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಡೈವ್ ಮಾಡಿದವರಿಗೆ ಕೆಂಪು, ನೋವು, ಬೆಳಕು ನೋಡಲಾಗದಿರುವುದು ಮೂರೂ ಸೇರಿದರೆ ಅವರೂ ಇದೇ ಸಾಲಿಗೆ ಬರುತ್ತಾರೆ.

ಇನ್ನೊಂದು ಇದಕ್ಕಿಂತ ದೊಡ್ಡದು. ದೃಷ್ಟಿ ಮಂಜಾಗಿದೆ, ಜೊತೆಗೆ ಕೈಕಾಲು ಜೋಮು ಹಿಡಿದಿದೆ, ಶಕ್ತಿ ಇಲ್ಲ, ಕೀಲು ನೋಯುತ್ತಿದೆ, ತಲೆ ತಿರುಗುತ್ತಿದೆ, ಮಾತು ತೊದಲುತ್ತಿದೆ ಅಂದರೆ ಅದು ಕಣ್ಣಿನ ಕಾಯಿಲೆ ಅಲ್ಲ. ಡೈವರ್‌ಗಳು ‘ಬೆಂಡ್ಸ್’ ಅನ್ನುವ ಡಿಕಂಪ್ರೆಷನ್ ಸಿಕ್‌ನೆಸ್ ಇರಬಹುದು. ಮೈಯಲ್ಲಿ ಕರಗಿದ್ದ ನೈಟ್ರೋಜನ್ ಗುಳ್ಳೆಯಾಗಿ ನರಕ್ಕೆ, ರಕ್ತನಾಳಕ್ಕೆ ಅಡ್ಡ ಬರುತ್ತದೆ. ಬೋಟಿನಲ್ಲಿರುವ ಆಮ್ಲಜನಕ ಆಗಲೇ ಕೊಡಬೇಕು. ದಡ ಮುಟ್ಟುವ ಮೊದಲೇ 108ಕ್ಕೆ ಫೋನ್ ಹೋಗಬೇಕು. ‘ಸ್ವಲ್ಪ ಮಲಗಿ ಎದ್ದರೆ ಸರಿ ಹೋಗುತ್ತೆ’ ಅನ್ನುವ ಮಾತು ಇಲ್ಲಿ ಬೇಡವೇ ಬೇಡ. ಊರಿಗೆ ವಿಮಾನ ಹತ್ತುವ ಯೋಚನೆಯಂತೂ ಖಂಡಿತ ಬೇಡ.

ಇವು ಯಾವುದೂ ಇಲ್ಲ ಅಂತಾದರೆ ನಿಧಾನವಾಗಿ ಹುಡುಕೋಣ.

ಮಾಸ್ಕ್ ಹಾಕಿದ ಕೂಡಲೇ ಉರಿದರೆ

ನೀರಿಗೆ ಇಳಿದು ಐದು ನಿಮಿಷದೊಳಗೆ ಕಣ್ಣು ಚುರುಗುಟ್ಟಿದರೆ ಮೊದಲು ಮಾಸ್ಕಿನ ಒಳಗೆ ಏನು ಹಚ್ಚಿದ್ದೀರಿ ಅಂತ ನೋಡಿ. ಸಾಮಾನ್ಯವಾಗಿ ಇದಕ್ಕೆ ಕಾರಣ ಮೂರು: ಡಿಫಾಗ್, ಟೂತ್‌ಪೇಸ್ಟ್, ಸನ್‌ಸ್ಕ್ರೀನ್.

ಡಿಫಾಗ್ ಅಂದರೆ ಗಾಜಿಗೆ ಮಂಜು ಹಿಡಿಯದ ಹಾಗೆ ಹಚ್ಚುವ ದ್ರವ. ಬಾಟಲಿಯಲ್ಲಿ ಬರುವ ಕೆಲವದರಲ್ಲಿ ಆಲ್ಕೋಹಾಲ್, ಗ್ಲೈಕಾಲ್ ಥರದ ರಾಸಾಯನಿಕ ಇರುತ್ತದೆ. ಗಾಜಿಗೆ ಹಚ್ಚಿ, ತೊಳೆದು, ಆಮೇಲೆ ಹಾಕಿಕೊಳ್ಳಬೇಕು. ತೊಳೆಯದೆ ಹಾಕಿಕೊಂಡರೆ, ಮಾಸ್ಕಿನೊಳಗೆ ಒಂದು ಚಮಚ ನೀರು ಬಂದರೂ ಸಾಕು, ಅದರಲ್ಲಿ ಕರಗಿ ನೇರ ಕಣ್ಣಿಗೆ ಬರುತ್ತದೆ. ಬರೀ ಉರಿಯಲ್ಲೇ ಮುಗಿಯುವುದಿಲ್ಲ, ಕಾರ್ನಿಯಾದ ಮೇಲ್ಪದರ ಸುಲಿದು ಹೋಗುವಷ್ಟು ಪೆಟ್ಟು ಮಾಡಬಹುದು. ನೀರು ಬೆರೆಸಿದ ಬೇಬಿ ಶಾಂಪೂ ಇದಕ್ಕಿಂತ ಮೆದು. ಬೋಟಿನಲ್ಲಿ ಸ್ಪ್ರೇ ಬಾಟಲಿ ಕೈಗೆ ಕೊಟ್ಟರೆ ಒಳಗೆ ಏನಿದೆ ಅಂತ ಕೇಳಿ. ಪಾತ್ರೆ ತೊಳೆಯುವ ಲಿಕ್ವಿಡ್ ತುಂಬಿಸಿಟ್ಟಿದ್ದನ್ನು ನಾನು ಒಂದು ಕಡೆ ಕಣ್ಣಾರೆ ನೋಡಿದ್ದೇನೆ.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಡೈವ್ ಮುಗಿಸಿ ಬಂದ ಮೇಲೆ ಗಾಜಿನ ಒಳಭಾಗಕ್ಕೆ ಸ್ವಲ್ಪ ಕುಡಿಯುವ ನೀರು ಹಾಕಿ ಬೆರಳಿಂದ ಉಜ್ಜಿ. ಜಾರಿದರೆ, ನೊರೆ ಬಂದರೆ, ಸೋಪು ಇನ್ನೂ ಅಲ್ಲೇ ಇದೆ ಅಂತ. ಸಿಲಿಕೋನ್ ಅಂಚು ಗಾಜಿಗೆ ಸೇರುವ ಸಂದಿಯಲ್ಲಿ ಜಾಸ್ತಿ ಉಳಿದಿರುತ್ತದೆ. ನಾವು ಗಾಜು ತೊಳೆಯುತ್ತೇವೆ, ಸಂದಿ ಮರೆಯುತ್ತೇವೆ.

ಟೂತ್‌ಪೇಸ್ಟ್ ಕಥೆ ಹೊಸ ಮಾಸ್ಕ್ ಕೊಂಡವರದು. ಹೊಸ ಗಾಜಿನ ಮೇಲೆ ತಯಾರಿಕೆಯ ಸಮಯದ ತೆಳು ಪದರ ಇರುತ್ತದೆ. ಅದು ಹೋಗದಿದ್ದರೆ ಏನು ಹಚ್ಚಿದರೂ ಮಂಜು ಹಿಡಿಯುತ್ತದೆ. ಅದಕ್ಕೇ ಬಿಳಿ ಪೇಸ್ಟ್ ಹಾಕಿ ಉಜ್ಜುವುದು ರೂಢಿ. ಸರಿಯಾದ ಕೆಲಸವೇ. ಆದರೆ ಹಿಂದಿನ ರಾತ್ರಿ ಉಜ್ಜಿ ಒಂದು ಸಲ ನೀರು ತೋರಿಸಿ ಬಿಟ್ಟರೆ ಪುದೀನಾ ಅಂಶ ಸಂದಿಯಲ್ಲೇ ಕೂತಿರುತ್ತದೆ. ಕಣ್ಣಿಗೆ ತಣ್ಣಗೆ ಚುರುಚುರು ಅನ್ನಿಸಿದರೆ ಇದೇ. ಒಂದು ವಾರ ಮೊದಲೇ ಉಜ್ಜಿ, ಮೂರು ನಾಲ್ಕು ಸಲ ತೊಳೆದಿಡಿ. ಗಾಜಿಗೆ ಬಣ್ಣದ ಕೋಟಿಂಗ್ ಇದ್ದರೆ ಪೇಸ್ಟ್ ಬೇಡ, ಗೀಚು ಬೀಳುತ್ತದೆ.

ಸನ್‌ಸ್ಕ್ರೀನ್ ಆದರೆ ಉರಿ ಮೇಲಿನಿಂದ ಇಳಿದು ಬರುತ್ತದೆ. ಹಣೆಗೆ ದಪ್ಪಗೆ ಹಚ್ಚಿರುತ್ತೀರಿ. ಬೆವರು, ನೀರು ಸೇರಿ ಹುಬ್ಬು ದಾಟಿ ಕಣ್ಣಿಗೆ ಹರಿಯುತ್ತದೆ. ಗಾಜಿನ ಒಳಗೆ ಎಣ್ಣೆ ಪಸೆ ಕಾಣುತ್ತದೆ. ಮಾಸ್ಕ್ ಕೂರುವ ಜಾಗಕ್ಕೆ, ಅಂದರೆ ಹಣೆಯ ಕೆಳಭಾಗ ಮತ್ತು ಕಣ್ಣಿನ ಸುತ್ತ ಹಚ್ಚಬೇಡಿ. ಅಲ್ಲಿಗೆ ಟೋಪಿ ಸಾಕು. ಹಚ್ಚಿದ ಕೈ ತೊಳೆಯದೆ ಮಾಸ್ಕಿನ ಒಳಗೆ ಬೆರಳು ಹಾಕಬೇಡಿ.

ಇನ್ನು ಬರೀ ನೀರು ಸೋರಿ ಉರಿಯುವುದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ಕಣ್ಣೀರಿನಲ್ಲಿ ಲೀಟರಿಗೆ 9 ಗ್ರಾಂ ಆಸುಪಾಸು. ನಾಲ್ಕು ಪಟ್ಟು ಉಪ್ಪು ತಾಗಿದರೆ ಉರಿಯದೇ ಇರುತ್ತದೆಯೇ? ಆದರೆ ಈ ಉರಿಗೆ ಆಯುಸ್ಸು ಕಡಿಮೆ. ಒಳ್ಳೆ ನೀರಲ್ಲಿ ತೊಳೆದು ಅರ್ಧ ಗಂಟೆ, ಒಂದು ಗಂಟೆ ಬಿಟ್ಟರೆ ಇಳಿಯಲೇಬೇಕು. ಸಂಜೆಯ ಹೊತ್ತಿಗೂ ಉರಿ ಹಾಗೇ ಇದ್ದರೆ ಉಪ್ಪಿನ ಮೇಲೆ ತಪ್ಪು ಹೊರಿಸಬೇಡಿ. ಬೇರೆ ಏನೋ ಇದೆ.

ಮಾಸ್ಕ್ ಸೋರುತ್ತದೆಯೇ ಅಂತ ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಮೆಲ್ಲಗೆ ಉಸಿರು ಎಳೆದುಕೊಳ್ಳಿ. ಕೈ ಬಿಟ್ಟರೂ ಮಾಸ್ಕ್ ಅಂಟಿಕೊಂಡೇ ಇರಬೇಕು. ಬಿದ್ದರೆ ನಿಮ್ಮ ಮುಖಕ್ಕೆ ಅದು ಆಗಿ ಬರುವುದಿಲ್ಲ. ಪಟ್ಟಿ ಬಿಗಿ ಮಾಡಿದರೆ ಸೋರುವುದು ನಿಲ್ಲುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಜಾಸ್ತಿ ಬಿಗಿದರೆ ಅಂಚು ಮಡಚಿ ಇನ್ನೂ ಸೋರುತ್ತದೆ. ಮೀಸೆ ಇರುವವರಿಗೆ ಮೂಗಿನ ಕೆಳಗೆ ಸೋರುವುದು ಮಾಮೂಲು. ಮೂಗಿನ ಬುಡದಲ್ಲಿ ಒಂದು ಎಳೆಯಷ್ಟು ಅಗಲ ಕತ್ತರಿಸಿಕೊಂಡರೆ ಸಾಕು, ಪೂರ್ತಿ ಬೋಳಿಸಬೇಕಿಲ್ಲ. ಕೆಲವರು ಅಲ್ಲಿಗೆ ವ್ಯಾಸಲೀನ್ ಬಳಿಯುತ್ತಾರೆ. ಅದು ಗಾಜಿಗೂ ಕಣ್ಣಿಗೂ ಹತ್ತಿ ಎಲ್ಲ ಮಸುಕಾಗುತ್ತದೆ.

ಬೆಂಗಳೂರಿನಲ್ಲಿ ಕಲಿಯುವವರು ಮೊದಲು ಈಜುಕೊಳದಲ್ಲಿ ಅಭ್ಯಾಸ ಮಾಡುತ್ತಾರೆ. ಅಲ್ಲಿ ಮಾಸ್ಕ್ ತೆಗೆದು, ನೀರು ತುಂಬಿಸಿ, ಖಾಲಿ ಮಾಡುವುದನ್ನು ಹತ್ತಾರು ಸಲ ಮಾಡಿಸುತ್ತಾರೆ. ಆಮೇಲೆ ಕಣ್ಣು ಕೆಂಪಾದರೆ ಅದು ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿ ಆಗುವ ಕ್ಲೋರಮೈನ್ ಕೆಲಸ. ಕೊಳದ ಹತ್ತಿರ ಮೂಗಿಗೆ ಘಾಟು ಜಾಸ್ತಿ ಬಡಿದರೆ ನೀರು ತುಂಬಾ ಶುದ್ಧ ಅಂತ ತಿಳಿಯಬೇಡಿ, ಉಲ್ಟಾ.

ಮೇಲೆ ಬಂದಾಗ ಬಿಳಿಗುಡ್ಡೆ ಕೆಂಪಾಗಿದ್ದರೆ

ನನ್ನ ಕಣ್ಣಿಗೆ ಹಾಗಾದ ಎರಡು ವರ್ಷಕ್ಕೆ ಚಿಕ್ಕಪ್ಪನ ಮಗ, ಅದೇ ತಮ್ಮ, ಮೊದಲ ಸಲ ನೀರಿಗೆ ಇಳಿದ. ಸಂಜೆ ವಿಡಿಯೋ ಕಾಲ್ ಮಾಡಿದ. ಎಡಗಣ್ಣಿನ ಬಿಳಿಗುಡ್ಡೆ ಅರ್ಧಕ್ಕರ್ಧ ಕುಂಕುಮ ಕಲಸಿದ ಹಾಗೆ. ಕಣ್ಣಿನ ಕೆಳಗೆ ಊತ. ಮೂಗಿನ ಬುಡದಿಂದ ಕೆನ್ನೆಯವರೆಗೆ ಮಾಸ್ಕಿನ ಅಚ್ಚು, ಅದರೊಳಗೆ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ಹಿಂದೆ ಚಿಕ್ಕಮ್ಮನ ಗಾಬರಿ ದನಿ ಕೇಳುತ್ತಿತ್ತು.

‘ನೋವಿದೆಯಾ?’

‘ಇಲ್ಲೆ ಅಣ್ಣಾ, ಒತ್ತಿದ ಹಾಗೆ ಅನ್ನಿಸ್ತದೆ ಅಷ್ಟೇ.’

‘ಆ ಕಣ್ಣು ಮುಚ್ಚಿ ಇನ್ನೊಂದರಲ್ಲಿ ಕ್ಯಾಲೆಂಡರ್ ಓದು. ಈಗ ಅದು ಮುಚ್ಚಿ ಇದರಲ್ಲಿ ಓದು.’

ಎರಡರಲ್ಲೂ ಓದಿದ. ಕಣ್ಣನ್ನು ಮೇಲೆ, ಕೆಳಗೆ, ಎಡ, ಬಲ ತಿರುಗಿಸಲು ಹೇಳಿದೆ. ಯಾವ ಕಡೆಗೂ ಎರಡೆರಡು ಕಾಣಲಿಲ್ಲ. ಗುಡ್ಡೆ ಮುಂದೆ ಬಂದಿರಲಿಲ್ಲ. ಸ್ವಲ್ಪ ಉಸಿರು ಬಿಟ್ಟೆ.

ಇದಕ್ಕೆ ಮಾಸ್ಕ್ ಸ್ಕ್ವೀಝ್ ಅನ್ನುತ್ತಾರೆ. ನೀರಿನ ಮೇಲೆ ಮಾಸ್ಕಿನೊಳಗೆ ಇರುವ ಗಾಳಿ 10 ಮೀಟರ್ ಆಳಕ್ಕೆ ಹೋದರೆ ಅರ್ಧ ಜಾಗಕ್ಕೆ ಕುಗ್ಗುತ್ತದೆ. ಅಲ್ಲಿ ಒತ್ತಡ ಮೇಲಿನ ಎರಡು ಪಟ್ಟು. ಗಾಜು ಬಗ್ಗುವುದಿಲ್ಲ. ಸಿಲಿಕೋನ್ ಅಂಚು ಮುಖಕ್ಕೆ ಒತ್ತುವಷ್ಟು ಒತ್ತುತ್ತದೆ. ಆಮೇಲೆ ಖಾಲಿಯಾದ ಜಾಗ ತುಂಬಲು ಮುಖವನ್ನೇ ಒಳಗೆ ಎಳೆಯುತ್ತದೆ. ಹಿಂದೆ ಬೆನ್ನು ನೋವಿಗೆ ದೀಪ ಹಚ್ಚಿ ಲೋಟ ಬೋರಲು ಹಾಕುತ್ತಿದ್ದರಲ್ವಾ, ಚರ್ಮ ಉಬ್ಬಿ ಕೆಂಪಾಗುತ್ತಿತ್ತು, ಅದೇ ಥರ. ಕಣ್ಣಿನ ಸುತ್ತಲಿನ ಎಳೆ ರಕ್ತನಾಳ ಒಡೆದು ಬಿಳಿಗುಡ್ಡೆಯ ಮೇಲೆ ರಕ್ತ ಹರಡಿಕೊಳ್ಳುತ್ತದೆ.

ತಡೆಯುವುದು ಸುಲಭ: ಇಳಿಯುವಾಗ ಆಗಾಗ ಮೂಗಿನಿಂದ ಸ್ವಲ್ಪ ಗಾಳಿ ಮಾಸ್ಕಿನೊಳಗೆ ಬಿಡಬೇಕು. ಹೊಸಬರು ಯಾಕೆ ಮರೆಯುತ್ತಾರೆ ಅಂದರೆ, ಅವರ ಗಮನವೆಲ್ಲ ಕಿವಿಯ ಮೇಲೆ ಇರುತ್ತದೆ. ಒತ್ತಡಕ್ಕೆ ಕಿವಿ ಕಟ್ಟದಿರಲು ಮೂಗು ಹಿಡಿದು ಊದಬೇಕು. ಮಾಸ್ಕಿಗೆ ಮೂಗು ಬಿಟ್ಟು ಊದಬೇಕು. ‘ನಾನು ಊದುತ್ತಲೇ ಇದ್ದೆ’ ಅಂತ ತಮ್ಮ ಹೇಳಿದ್ದು ನಿಜ. ಮೂಗು ಹಿಡಿದೇ ಊದುತ್ತಿದ್ದ, ಮಾಸ್ಕಿಗೆ ಒಂದು ಚೂರೂ ಗಾಳಿ ಹೋಗಿರಲಿಲ್ಲ. ಈಜುವ ಗಾಗಲ್ಸ್ ಹಾಕಿಕೊಂಡು ಆಳಕ್ಕೆ ಹೋಗಬಾರದು ಅನ್ನುವುದಕ್ಕೂ ಇದೇ ಕಾರಣ. ಅದರೊಳಗೆ ಮೂಗು ಇಲ್ಲ, ಗಾಳಿ ತುಂಬಲು ದಾರಿಯಿಲ್ಲ.

ಗಾಳಿ ಅತಿ ಬೇಗ ಕುಗ್ಗುವುದು ಮೊದಲ ಕೆಲವು ಮೀಟರ್‌ಗಳಲ್ಲೇ. ಹಾಗಾಗಿ ‘ನಾನು ಜಾಸ್ತಿ ಆಳಕ್ಕೆ ಹೋಗೇ ಇಲ್ಲ’ ಅಂದ ಮಾತ್ರಕ್ಕೆ ಇದು ಸ್ಕ್ವೀಝ್ ಅಲ್ಲ ಅನ್ನುವ ಹಾಗಿಲ್ಲ.

ನೋಡಲು ಭಯಂಕರ ಕಂಡರೂ ನೋವಿಲ್ಲದೆ, ದೃಷ್ಟಿ ಸರಿ ಇದ್ದರೆ ಹೆದರುವುದು ಬೇಡ. ಮೊದಲ ದಿನ ತಣ್ಣೀರಿನ ಬಟ್ಟೆ ಇಡಿ. ಆ ಕೆಂಪು ಎರಡು ಮೂರು ವಾರದಲ್ಲಿ ಹಳದಿಯಾಗಿ ತಾನಾಗಿ ಹೋಗುತ್ತದೆ. ಯಾವ ಡ್ರಾಪ್ಸ್ ಹಾಕಿದರೂ ಬೇಗ ಹೋಗುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮಾತ್ರ ಡಾಕ್ಟರಿಗೆ ತೋರಿಸಿ. ಆದರೆ ಊತ ಜಾಸ್ತಿಯಾಗುತ್ತಾ ಹೋದರೆ, ಗುಡ್ಡೆ ಉಬ್ಬಿದರೆ, ಎರಡೆರಡು ಕಂಡರೆ, ಗುಡ್ಡೆಯ ಹಿಂದೆ ರಕ್ತ ಸೇರುತ್ತಿರಬಹುದು. ಆಗ ರಾತ್ರಿಯಾದರೂ ಸರಿ, ಹೊರಡಬೇಕು.

ಮಾಸ್ಕಿನೊಳಗೆ ರಕ್ತ ಕಂಡರೆ, ಹುಬ್ಬಿನ ಮೇಲೆ ಇರಿದ ಹಾಗೆ ನೋವಿದ್ದರೆ, ತೊಂದರೆ ಕಣ್ಣಿನದಲ್ಲ, ಸೈನಸ್‌ನದು. ನೆಗಡಿ ಇಟ್ಟುಕೊಂಡು ಇಳಿದವರಿಗೆ ಆಗುತ್ತದೆ.

ರಾತ್ರಿ ಶುರುವಾದರೆ

ಇದು ನನ್ನ ಪಾಡು. ಬಿಸಿಲಿನ ಅತಿನೇರಳೆ ಕಿರಣ ಕಾರ್ನಿಯಾವನ್ನು ಸುಟ್ಟರೆ ಆಗಲೇ ಗೊತ್ತಾಗುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಬಿಟ್ಟು ತೋರುತ್ತದೆ. ವೆಲ್ಡಿಂಗ್ ಬೆಳಕು ನೋಡಿದವರಿಗೆ ರಾತ್ರಿ ಕಣ್ಣು ಉರಿಯುವುದೂ ಇದೇ. ಅದಕ್ಕೇ ಇದನ್ನು ಹಿಡಿಯುವುದು ಕಷ್ಟ. ತಪ್ಪು ಬೆಳಿಗ್ಗೆ ಆಗಿರುತ್ತದೆ, ಶಿಕ್ಷೆ ರಾತ್ರಿ ಬರುತ್ತದೆ, ನಡುವೆ ನೀವು ಸಮುದ್ರಕ್ಕೆ ಇಳಿದಿರುತ್ತೀರಿ. ಹಾಗಾಗಿ ಎಲ್ಲರೂ ನೀರನ್ನೇ ಬೈಯುತ್ತಾರೆ.

ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿ.ಮೀ. ಹೋಗಿ ಬರುವುದಕ್ಕೇ ಎರಡು ಮೂರು ಗಂಟೆ. ಡೈವಿಂಗ್ ನಡೆಯುವುದು ಮಳೆಗಾಲ ಬಿಟ್ಟು, ಅಕ್ಟೋಬರ್‌ನಿಂದ ಮೇ ಆಸುಪಾಸಿನವರೆಗೆ, ಅಂದರೆ ಸುಡುಬಿಸಿಲಿನ ಕಾಲ. ಮೇಲಿನಿಂದ ಬರುವ ಬಿಸಿಲು ಒಂದು ಕಡೆ. ಸಮುದ್ರದ ನೊರೆ ಅತಿನೇರಳೆ ಕಿರಣದ ಸುಮಾರು 25%ನಷ್ಟನ್ನು ವಾಪಸ್ ಎಸೆಯುತ್ತದೆ, ಒಣ ಮರಳು 15%ನಷ್ಟನ್ನು. ಟೋಪಿ ಇದ್ದರೂ ಕೆಳಗಿನಿಂದ ಹೊಡೆತ ತಪ್ಪುವುದಿಲ್ಲ. ಅತಿನೇರಳೆ ಕಿರಣ ತಡೆಯುವ, ಪಕ್ಕವೂ ಮುಚ್ಚುವ ಕೂಲಿಂಗ್ ಗ್ಲಾಸ್ ಬೇಕು. ದಾರ ಕಟ್ಟಿಕೊಳ್ಳಿ, ಅಲೆಗೆ ಹಾರಿ ಹೋಗದಿರಲಿ.

ಗುರುತು ಹೀಗೆ: ಎರಡೂ ಕಣ್ಣು ಸಮಸಮ, ಮರಳು ಹಾಕಿದ ಹಾಗೆ, ಬೆಳಕು ಬೇಡ, ನೀರು ಸುರಿಯುತ್ತದೆ, ಗೀಜಿಲ್ಲ. 24ರಿಂದ 48 ಗಂಟೆಯಲ್ಲಿ ತಾನಾಗಿ ವಾಸಿಯಾಗುತ್ತದೆ. ಡಾಕ್ಟರ್ ನನಗೆ ಪರೀಕ್ಷೆಗೆ ಮೊದಲು ಮರಗಟ್ಟಿಸುವ ಹನಿ ಹಾಕಿದ್ದರು. ಕ್ಷಣದಲ್ಲಿ ಉರಿ ಮಾಯ. ಆ ಬಾಟಲಿ ಕೊಡಿ ಅಂತ ಬೇಡಿಕೊಂಡೆ. ಕೊಡಲಿಲ್ಲ. ಅದನ್ನು ಪದೇ ಪದೇ ಹಾಕಿದರೆ ಗಾಯ ಮಾಯುವುದೇ ನಿಲ್ಲುತ್ತದೆ, ಕಾರ್ನಿಯಾ ಕರಗುವವರೆಗೂ ಹೋಗಬಹುದು ಅಂದರು. ಕಣ್ಣೀರಿನಂಥ ಡ್ರಾಪ್ಸ್, ರಾತ್ರಿ ಹಚ್ಚಲು ಮುಲಾಮು, ಕತ್ತಲೆ ಕೋಣೆ, ನೋವಿಗೆ ಪ್ಯಾರಾಸಿಟಮಾಲ್. ಅಷ್ಟೇ ಔಷಧಿ. ಎರಡನೇ ದಿನ ಸಂಜೆ ಪೇಪರ್ ಓದಿದೆ.

ಒಂದೇ ಕಣ್ಣಿಗೆ ರಾತ್ರಿ ಉರಿ ಬಂದರೆ ಬಿಸಿಲು ಅಲ್ಲ. ಮರಳಿನ ಕಣ ರೆಪ್ಪೆಯ ಒಳಗೆ ಸಿಕ್ಕಿದೆಯಾ ನೋಡಿ. ಮಿಟುಕಿಸಿದಾಗಲೆಲ್ಲ ಒಂದೇ ಜಾಗದಲ್ಲಿ ಗೀರಿದ ಹಾಗಾದರೆ ಅದೇ ಇರಬೇಕು. ತೊಳೆದರೂ ಹೋಗದಿದ್ದರೆ ಉಜ್ಜಬೇಡಿ, ತೋರಿಸಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಈ ಹೊತ್ತಿನಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಮೆತ್ತನೆ ಲೆನ್ಸ್ ಹಾಕಿಕೊಂಡು ಡೈವ್ ಮಾಡಬಹುದು. ಆದರೆ ದಿನಕ್ಕೊಂದು ಬಿಸಾಡುವ ಥರದ್ದೇ ಹಾಕಿ, ಬೋಟಿನಿಂದ ಇಳಿದ ಕೂಡಲೇ ತೆಗೆದು ಬಿಸಾಡಿ. ಅದನ್ನೇ ತೊಳೆದು ನಾಳೆಗೆ ಇಡಬೇಡಿ. ನೀರಿನಲ್ಲಿ, ನಲ್ಲಿ ನೀರಿನಲ್ಲೂ, ಅಕಾಂತಮೀಬಾ ಅನ್ನುವ ಸೂಕ್ಷ್ಮಜೀವಿ ಇರಬಹುದು. ಅದು ಲೆನ್ಸಿನ ಅಡಿ ಸೇರಿ ಕಾರ್ನಿಯಾ ತಿಂದರೆ ತಿಂಗಳುಗಟ್ಟಲೆ ಔಷಧಿ ಹಾಕಬೇಕು, ದೃಷ್ಟಿಯೇ ಹೋಗಬಹುದು. ಲೆನ್ಸ್ ಅಂಟಿಕೊಂಡು ಬರದಿದ್ದರೆ ಎಳೆಯಬೇಡಿ. ಕಣ್ಣೀರಿನಂಥ ಡ್ರಾಪ್ಸ್ ಹಾಕಿ ಸ್ವಲ್ಪ ಹೊತ್ತು ಕಾದು ಆಮೇಲೆ ತೆಗೆಯಿರಿ. ಹಳೆ ಕಾಲದ, ಗಾಳಿಯಾಡದ ಗಟ್ಟಿ ಲೆನ್ಸ್ ಮಾತ್ರ ಡೈವಿಂಗಿಗೆ ಬೇಡ. ಮೇಲೆ ಬರುವಾಗ ಅದರ ಅಡಿ ನೈಟ್ರೋಜನ್ ಗುಳ್ಳೆ ಸಿಕ್ಕಿಕೊಂಡು ಕಾರ್ನಿಯಾ ಊದುತ್ತದೆ, ದೀಪದ ಸುತ್ತ ಬಳೆ ಕಂಡ ಹಾಗೆ ಕಾಣುತ್ತದೆ. ನಿಮ್ಮ ನಂಬರಿನ ಗಾಜು ಕೂರಿಸಿದ ಮಾಸ್ಕ್ ಸಿಗುತ್ತದೆ. ಪದೇ ಪದೇ ಡೈವ್ ಮಾಡುವವರು ಅದಕ್ಕೇ ದುಡ್ಡು ಹಾಕುವುದು ಒಳ್ಳೆಯದು.

ಬೋಟಿನಲ್ಲಿ ವಾಂತಿ ಬಾರದಿರಲಿ ಅಂತ ನುಂಗುವ ಅವೊಮಿನ್ ಥರದ ಮಾತ್ರೆ ಬಾಯಿ ಒಣಗಿಸುವ ಹಾಗೇ ಕಣ್ಣನ್ನೂ ಒಣಗಿಸುತ್ತದೆ. ಸಂಜೆ ಕಣ್ಣು ಒಣಕಲು ಅನ್ನಿಸಿ, ಹತ್ತಿರದ ಅಕ್ಷರ ಮಸುಕಾದರೆ ಇದನ್ನೂ ನೆನಪಿಸಿಕೊಳ್ಳಿ. ಕಿವಿಯ ಹಿಂದೆ ಅಂಟಿಸುವ ಪ್ಯಾಚ್ ಹಾಕಿದವರು ಅದನ್ನು ಮುಟ್ಟಿದ ಬೆರಳಲ್ಲೇ ಕಣ್ಣು ಒರೆಸಿದರೆ ಆ ಕಣ್ಣಿನ ಪಾಪೆ ಮಾತ್ರ ದೊಡ್ಡದಾಗುತ್ತದೆ. ಪ್ಯಾಚ್ ಹಾಕದೆಯೇ ಹಾಗಾದರೆ ತಕ್ಷಣ ಆಸ್ಪತ್ರೆ.

ಕೆಲವು ದಿನ ಬಿಟ್ಟು ಬಂದರೆ

ವಾಪಸ್ ಬಂದು ನಾಲ್ಕೈದು ದಿನಕ್ಕೆ ಒಂದು ಕಣ್ಣು ಕೆಂಪಾಗಿ, ಬೆಳಿಗ್ಗೆ ರೆಪ್ಪೆ ಅಂಟಿ, ಗೀಜು ಬಂದು, ಮಾರನೆ ದಿನ ಇನ್ನೊಂದಕ್ಕೂ ಹತ್ತಿದರೆ ಅದು ಕಣ್ಣು ಬೇನೆ, ಮದ್ರಾಸ್ ಐ. ಇದು ಸಮುದ್ರದ್ದಲ್ಲ, ಬಕೆಟ್ಟಿನದು. ಬೋಟಿನಲ್ಲಿ ಮಾಸ್ಕ್ ಅದ್ದಲು ಒಂದು ಬಕೆಟ್ ಸಿಹಿನೀರು ಇಟ್ಟಿರುತ್ತಾರೆ. ಹತ್ತು ಜನ ಗಾಜಿಗೆ ಉಗುಳಿ ಉಜ್ಜಿ, ಎಲ್ಲರೂ ಅದೇ ನೀರಲ್ಲಿ ಅದ್ದುತ್ತಾರೆ. ಒಬ್ಬರ ಕಣ್ಣಿನ ವೈರಸ್ ಎಲ್ಲರ ಮಾಸ್ಕಿಗೆ ಹೋಗುತ್ತದೆ. ನಿಮ್ಮ ಉಗುಳು ನಿಮ್ಮ ಗಾಜಿಗೆ ಹಚ್ಚಿದರೆ ತೊಂದರೆ ಇಲ್ಲ. ತೊಳೆಯಲು ಮಾತ್ರ ಬೇರೆ ಬಾಟಲಿ ನೀರು ಇಟ್ಟುಕೊಳ್ಳಿ. ಬಾಡಿಗೆ ಮಾಸ್ಕ್ ಆದರೆ ಹಾಕುವ ಮೊದಲು ಸೋಪು ನೀರಲ್ಲಿ ಪೂರ್ತಿ ತೊಳೆಯಿರಿ. ಒಬ್ಬರೇ ಒಂದೇ ಮಾಸ್ಕ್ ಇಡೀ ದಿನ ಇಟ್ಟುಕೊಳ್ಳಿ.

ಕಣ್ಣಿಗಿಂತ ರೆಪ್ಪೆ, ಕೆನ್ನೆ ಜಾಸ್ತಿ ತುರಿಸಿ, ಕೆಂಪು ಸರಿಯಾಗಿ ಮಾಸ್ಕಿನ ಅಂಚಿನ ಆಕಾರದಲ್ಲೇ ಇದ್ದರೆ ಚರ್ಮಕ್ಕೆ ಒಗ್ಗದಿರುವುದು. ಕಪ್ಪು ರಬ್ಬರಿನ ಹಳೆ ಮಾಸ್ಕಿನಲ್ಲಿ ಇದು ಹೆಚ್ಚು. ದಿನ ಬಿಟ್ಟಲ್ಲ, ನೀರಲ್ಲಿದ್ದಾಗಲೇ ರೆಪ್ಪೆಯ ಮೇಲೆ ಗೆರೆಗೆರೆಯಾಗಿ ಉರಿದು ಆಮೇಲೆ ಬೊಬ್ಬೆ ಎದ್ದರೆ ಜೆಲ್ಲಿ ಮೀನಿನ ಎಳೆ ತಾಗಿರಬಹುದು. ಚರ್ಮಕ್ಕೆ ವಿನೆಗರ್ ಹಾಕುವುದನ್ನು ಕೇಳಿರುತ್ತೀರಿ. ಕಣ್ಣಿಗೆ ಯಾವತ್ತೂ ಹಾಕಬಾರದು. ತೊಳೆದು ಡಾಕ್ಟರಿಗೆ ತೋರಿಸಿ.

ಡಾಕ್ಟರ್ ಸಿಗುವವರೆಗೆ

ಲೆನ್ಸ್ ಇದ್ದರೆ ತೆಗೆಯಿರಿ. ಮೊಹರು ಒಡೆಯದ ಕುಡಿಯುವ ನೀರಿನ ಬಾಟಲಿಯಿಂದ, ಮೂಗಿನ ಕಡೆಯಿಂದ ಹೊರಗೆ ಹರಿಯುವ ಹಾಗೆ ನಿಧಾನವಾಗಿ ನೀರು ಬಿಡಿ. ರಾಸಾಯನಿಕ ಹೋಗಿದೆ ಅನ್ನಿಸಿದರೆ ಪೂರ್ತಿ 15 ನಿಮಿಷ ತೊಳೆಯಬೇಕು. ಒಂದು ಬಾಟಲಿ ಸಾಲುವುದಿಲ್ಲ, ಇನ್ನೊಬ್ಬರ ಬಾಟಲಿ ಕೇಳಿ ಪಡೆಯಿರಿ. ಉಜ್ಜಬೇಡಿ.

ನನ್ನ ಚಿಕ್ಕಮ್ಮ ಆ ಬೆಳಿಗ್ಗೆ ಅಂಗಳದ ನಂದಿಬಟ್ಟಲು ಹೂವು ಕೊಯ್ದು ತಂದಿದ್ದರು. ‘ಇದರ ರಸ ಎರಡು ಹನಿ ಹಿಂಡಿದ್ರೆ ತಂಪು ಮಾರಾಯ’ ಅಂದರು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಕಾರ್ನಿಯಾ ಸುಲಿದಿರುವಾಗ ಹೂವಿನ ರಸ, ಎದೆಹಾಲು, ಹರಳೆಣ್ಣೆ, ಜೇನುತುಪ್ಪ ಯಾವುದೂ ಒಳಗೆ ಹೋಗಬಾರದು. ತೆರೆದ ಗಾಯಕ್ಕೆ ಸೋಂಕು ನಾವೇ ಹಾಕಿದ ಹಾಗೆ. ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆ ಶುದ್ಧ ಬಟ್ಟೆ ಇಟ್ಟರೆ ಆ ತಂಪು ಸಿಗುತ್ತದೆ.

ಮೆಡಿಕಲ್ ಶಾಪಿನಲ್ಲಿ ‘ಕಣ್ಣು ಕೆಂಪಾಗಿದೆ’ ಅಂದರೆ ಸ್ಟೀರಾಯ್ಡ್ ಬೆರೆತ ಡ್ರಾಪ್ಸ್ ಕೊಡುವುದುಂಟು. ಕೆಂಪು ಬೇಗ ಇಳಿಯುತ್ತದೆ. ಒಳಗೆ ಫಂಗಸ್ ಅಥವಾ ಹರ್ಪಿಸ್ ಸೋಂಕಿದ್ದರೆ ಅದು ಬೆಂಕಿಗೆ ತುಪ್ಪ ಹೊಯ್ದ ಹಾಗೆ. ಡಾಕ್ಟರ್ ನೋಡದೆ ಬೇಡ.

ಡಾಕ್ಟರ್ ಹತ್ತಿರ ಹೋಗುವಾಗ ಡಿಫಾಗ್ ಬಾಟಲಿಯ, ಸನ್‌ಸ್ಕ್ರೀನ್ ಟ್ಯೂಬಿನ ಫೋಟೋ ತೆಗೆದುಕೊಂಡು ಹೋಗಿ. ಎಷ್ಟು ಆಳ, ಎಷ್ಟು ಹೊತ್ತು, ಉರಿ ಎಷ್ಟು ಗಂಟೆಗೆ ಶುರುವಾಯಿತು ಅಂತ ಬರೆದಿಟ್ಟುಕೊಳ್ಳಿ. ಕಣ್ಣಿನ ಆಪರೇಷನ್ ಆಗಿದ್ದರೆ ತಪ್ಪದೇ ಹೇಳಿ. ಕನ್ನಡಕದ ನಂಬರ್ ತೆಗೆಸಲು ಲೇಸಿಕ್ ಮಾಡಿಸಿದವರು ಕನಿಷ್ಠ ಒಂದು ತಿಂಗಳು ನೀರಿಗೆ ಇಳಿಯಬಾರದು ಅನ್ನುತ್ತಾರೆ. ರೆಟಿನಾ ಆಪರೇಷನ್‌ನಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿಸಿದ್ದರೆ ಅದು ಪೂರ್ತಿ ಕರಗುವವರೆಗೆ ಡೈವಿಂಗೂ ಇಲ್ಲ, ವಿಮಾನವೂ ಇಲ್ಲ.

ಮತ್ತೆ ಯಾವಾಗ ಇಳಿಯಬಹುದು ಅಂತ ತಮ್ಮ ಮೂರನೇ ದಿನಕ್ಕೇ ಕೇಳಿದ್ದ. ಬಿಳಿಗುಡ್ಡೆ ಪೂರ್ತಿ ಬಿಳಿಯಾಗಲಿ ಅಂದೆ. ಅಷ್ಟರೊಳಗೆ ದಿನಾ ಮನೆಯಲ್ಲಿ ಮಾಸ್ಕ್ ಹಾಕಿಕೊಂಡು ಮೂಗಿನಿಂದ ಗಾಳಿ ಬಿಡುವ ಅಭ್ಯಾಸ ಮಾಡಲು ಹೇಳಿದೆ. ಕಿವಿಗೆ ಒಂದು ಸಲ, ಮಾಸ್ಕಿಗೆ ಒಂದು ಸಲ. ಇಪ್ಪತ್ತು ದಿನ ಬಿಟ್ಟು ಹೋದ. ಬಂದು ಕಳಿಸಿದ ಫೋಟೋದಲ್ಲಿ ಮುಖದ ಮೇಲೆ ಮಾಸ್ಕಿನ ಅಚ್ಚು ಕೂಡ ಸರಿಯಾಗಿ ಮೂಡಿರಲಿಲ್ಲ.